ಕಚೇರಿ ವೈ-ಫೈಗೆ ಸ್ವಂತ ರೂಟರ್ ಜೋಡಣೆ

ಸಂಸ್ಥೆಯೊಂದು ತನ್ನ ಕಚೇರಿಯಲ್ಲಿ ನಡೆಸುವ ವೈ-ಫೈಗೆ ಉದ್ಯೋಗಿಯೊಬ್ಬರು ತಮ್ಮ ಸ್ವಂತ ರೂಟರನ್ನು ಸೇರಿಸಿ, ಅದರ ಮೂಲಕ ತಮ್ಮ ಸಾಧನಗಳಿಗೆ ಬೇರೆಯೇ ಒಂದು ವೈ-ಫೈ ಒದಗಿಸಿಕೊಳ್ಳುವ ವ್ಯವಸ್ಥೆ. ಇಲ್ಲಿ ರೂಟರಿಗೆ ಎರಡು ಪಾತ್ರ. ಕಚೇರಿಯ ಆಕ್ಸೆಸ್ ಪಾಯಿಂಟಿನ ಲೆಕ್ಕದಲ್ಲಿ ಅದು ಫೋನು, ಲ್ಯಾಪ್‌ಟಾಪುಗಳಂತೆ ಇನ್ನೊಂದು ಗ್ರಾಹಕ ಸಾಧನ. ಹಿಂದಿರುವ ಸಾಧನಗಳಿಗೆ ಅದೇ ಆಕ್ಸೆಸ್ ಪಾಯಿಂಟ್. ಹೊಂದಿಸುವುದು ಕಷ್ಟವಲ್ಲ. ಆದರೆ ಹೊಂದಿಸಿದ ಮೇಲೆ ರೂಟರಿನ ಹಿಂದೆ ಯಾರಿದ್ದಾರೆ, ಎಷ್ಟು ಸಾಧನಗಳಿವೆ ಎಂಬುದು ಕಚೇರಿಗೆ ಕಾಣುವುದಿಲ್ಲ. ಈ ಜೋಡಣೆಯ ಅನುಕೂಲಗಳೂ ಅಪಾಯಗಳೂ ಹುಟ್ಟುವುದು ಈ ಒಂದು ಗುಣದಿಂದ.

ಇದರ ಅಗತ್ಯ ನಿಜವಾಗಿಯೂ ಬೀಳುತ್ತದೆ. ದೊಡ್ಡ ಕಚೇರಿಗಳ ವೈ-ಫೈ ಪ್ರತಿಯೊಬ್ಬರಿಂದಲೂ ಅವರದೇ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೇಳುತ್ತದೆ. ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸ್ಟಿಕ್, ಸ್ಮಾರ್ಟ್ ಪ್ಲಗ್, ಅಗ್ಗದ ಪ್ರಿಂಟರುಗಳಿಗೆ ಸಾಮಾನ್ಯವಾಗಿ ಒಂದೇ ಪಾಸ್‌ವರ್ಡಿನ ಮನೆ ವೈ-ಫೈ ಮಾತ್ರ ಗೊತ್ತು. ಎಂಬೆಡೆಡ್ ಸಾಫ್ಟ್‌ವೇರ್ ಬರೆಯುವವರ ಮೇಜಿನ ಮೇಲೆ ನಾಲ್ಕಾರು ಡೆವಲಪ್‌ಮೆಂಟ್ ಬೋರ್ಡುಗಳಿರುತ್ತವೆ. ಅವು ಒಂದರೊಡನೊಂದು ಮಾತಾಡಬೇಕು. ಕಚೇರಿಯ ಅತಿಥಿ ವೈ-ಫೈಯಲ್ಲಿ ಅದು ಸಾಧ್ಯವಾಗುವುದಿಲ್ಲ, ಏಕೆಂದರೆ ಅಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ತಡೆ ಹಾಕಿರುತ್ತಾರೆ. ಒಬ್ಬರಿಗೆ ಎರಡೇ ಸಾಧನ ಎಂಬ ಮಿತಿ, ಮೂಲೆಯ ಕೋಣೆಗೆ ತಲುಪದ ಸಿಗ್ನಲ್ ಉಳಿದ ಕಾರಣಗಳು.

ಹಿನ್ನೆಲೆ

ಬೇಕಾದ ತಂತ್ರಗಳು 1990ರ ದಶಕದಲ್ಲೇ ಸಿದ್ಧವಾಗಿದ್ದವು. ಒಳಗಿನ ಐಪಿ ವಿಳಾಸವನ್ನು ಗಡಿಯಲ್ಲಿ ಬದಲಿಸಿ ಕಳಿಸುವ ನ್ಯಾಟ್ ವಿಧಾನವನ್ನು 1994ರ ಮೇ ತಿಂಗಳ ಆರ್‌ಎಫ್‌ಸಿ 1631 ವಿವರಿಸಿತು. 10, 172.16 ಮತ್ತು 192.168ರಿಂದ ಆರಂಭವಾಗುವ ವಿಳಾಸ ಗುಂಪುಗಳನ್ನು 1996ರ ಆರ್‌ಎಫ್‌ಸಿ 1918 ಖಾಸಗಿ ಬಳಕೆಗೆ ಮೀಸಲಿಟ್ಟಿತು. ವೈ-ಫೈಯ ಮೂಲವಾದ ಐಇಇಇ 802.11 ಮಾನದಂಡ ಬಂದದ್ದು 1997ರಲ್ಲಿ.

ಇವೆಲ್ಲ ಸಾಮಾನ್ಯರ ಕೈಗೆ ಬರಲು ಕಾರಣವಾದದ್ದು ಲಿಂಕ್‌ಸಿಸ್ ಕಂಪನಿ 2002ರ ಕೊನೆಗೆ ತಂದ ಡಬ್ಲ್ಯೂಆರ್‌ಟಿ54ಜಿ ರೂಟರ್. ಅದರೊಳಗೆ ಲಿನಕ್ಸ್ ಇದೆಯೆಂಬುದು ಬಯಲಾದ ಮೇಲೆ, ಜಿಪಿಎಲ್ ಪರವಾನಗಿಯ ಷರತ್ತಿನಂತೆ ಕಂಪನಿ 2003ರಲ್ಲಿ ಮೂಲಸಂಕೇತವನ್ನು ಬಿಡುಗಡೆ ಮಾಡಬೇಕಾಯಿತು. ಅದರ ಮೇಲೆ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಯೋಜನೆ ಶುರುವಾಯಿತು. ಇಂಥ ಫರ್ಮ್‌ವೇರ್ ಹಾಕಿದರೆ, ಕಂಪನಿ ಕೊಡದೇ ಇದ್ದ ಗ್ರಾಹಕ ಮೋಡ್ ಅದೇ ಪೆಟ್ಟಿಗೆಯಲ್ಲಿ ದೊರೆಯುತ್ತಿತ್ತು. ಇಂದು ಅಂಗೈಯಗಲದ ಟ್ರಾವೆಲ್ ರೂಟರುಗಳಲ್ಲಿ ಈ ಮೋಡ್ ಮೊದಲೇ ಇರುತ್ತದೆ.

ನೇರವಾಗಿ ಬ್ರಿಜ್ ಮಾಡಲು ಏಕೆ ಆಗದು

ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಎಡವುವುದು ಇಲ್ಲಿ. ತಂತಿಯ ನೆಟ್‌ವರ್ಕಿನಲ್ಲಿ ಒಂದು ಸ್ವಿಚ್ ಸಿಕ್ಕಿಸಿದರೆ ಸಾಕು, ಹಿಂದಿನ ಕಂಪ್ಯೂಟರುಗಳೆಲ್ಲ ಕಚೇರಿಯ ನೆಟ್‌ವರ್ಕಿನಲ್ಲೇ ಇದ್ದಂತೆ. ವೈ-ಫೈಯಲ್ಲೂ ಹಾಗೆಯೇ ಆಗಬೇಕೆಂದು ನಿರೀಕ್ಷಿಸಿದವರಿಗೆ ರೂಟರ್ ‘ಕನೆಕ್ಟೆಡ್’ ಎಂದು ತೋರಿಸುತ್ತದೆ, ಲ್ಯಾಪ್‌ಟಾಪಿಗೆ ಮಾತ್ರ ವಿಳಾಸವೇ ಸಿಗುವುದಿಲ್ಲ.

ಕಾರಣ 802.11 ಫ್ರೇಮಿನ ರಚನೆಯಲ್ಲಿದೆ. ಗ್ರಾಹಕ ಸಾಧನದಿಂದ ಆಕ್ಸೆಸ್ ಪಾಯಿಂಟಿಗೆ ಹೋಗುವ ಸಾಮಾನ್ಯ ದತ್ತಾಂಶ ಫ್ರೇಮಿನಲ್ಲಿ ಮೂರು ಮ್ಯಾಕ್ ವಿಳಾಸಗಳಿಗೆ ಜಾಗ: ಆಕ್ಸೆಸ್ ಪಾಯಿಂಟಿನದು, ಕಳಿಸುವವರದು, ಕೊನೆಗೆ ತಲುಪಬೇಕಾದವರದು. ರೇಡಿಯೊದಲ್ಲಿ ಬಿತ್ತರಿಸಿದವರು ಯಾರು, ಮೂಲದಲ್ಲಿ ಕಳಿಸಿದವರು ಯಾರು ಎಂದು ಬೇರೆಬೇರೆಯಾಗಿ ಹೇಳಲು ಅಲ್ಲಿ ಸ್ಥಳವಿಲ್ಲ. ಇಬ್ಬರೂ ಒಬ್ಬರೇ ಎಂದು ಮಾನದಂಡ ಭಾವಿಸಿದೆ. ರೂಟರ್ ತನ್ನ ಹಿಂದಿನ ಲ್ಯಾಪ್‌ಟಾಪಿನ ವಿಳಾಸ ಹಾಕಿ ಫ್ರೇಮ್ ಕಳಿಸಿದರೆ, ತನ್ನಲ್ಲಿ ನೋಂದಾಯಿಸಿಕೊಳ್ಳದ ಸಾಧನವೆಂದು ಆಕ್ಸೆಸ್ ಪಾಯಿಂಟ್ ಅದನ್ನು ಬಿಸಾಡುತ್ತದೆ. ನಾಲ್ಕು ವಿಳಾಸಗಳ ಫ್ರೇಮ್ ಕೂಡ ಮಾನದಂಡದಲ್ಲಿದೆ, ಡಬ್ಲ್ಯೂಡಿಎಸ್ ಎಂಬ ಸೌಲಭ್ಯ ಅದನ್ನೇ ಬಳಸುತ್ತದೆ. ಆದರೆ ಅದನ್ನು ಎರಡೂ ಕಡೆ ಹೊಂದಿಸಬೇಕು, ಮತ್ತು ಒಂದು ತಯಾರಕರ ಡಬ್ಲ್ಯೂಡಿಎಸ್ ಇನ್ನೊಬ್ಬರದರ ಜೊತೆ ಕೂಡಿಬರುವ ಭರವಸೆಯಿಲ್ಲ. ಉದ್ಯೋಗಿಯ ಪೆಟ್ಟಿಗೆಗಾಗಿ ಕಚೇರಿಯ ಆಕ್ಸೆಸ್ ಪಾಯಿಂಟುಗಳ ಸೆಟ್ಟಿಂಗ್ ಬದಲಿಸಲು ಯಾವ ಐಟಿ ವಿಭಾಗವೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಅಂಗಡಿಯ ವೈ-ಫೈ ರಿಪೀಟರುಗಳು ಇದಕ್ಕೊಂದು ಉಪಾಯ ಮಾಡುತ್ತವೆ: ಹಿಂದಿನ ಎಲ್ಲ ಸಾಧನಗಳ ಮ್ಯಾಕ್ ವಿಳಾಸವನ್ನೂ ತಮ್ಮದಕ್ಕೆ ಬದಲಿಸಿ ಕಳಿಸುತ್ತವೆ. ಮನೆಯಲ್ಲಿ ಇದು ನಡೆಯುತ್ತದೆ. ಒಂದು ಮ್ಯಾಕ್‌ಗೆ ಒಂದೇ ಐಪಿ ಎಂದು ನಿಗಾ ಇಡುವ ಕಚೇರಿ ವ್ಯವಸ್ಥೆಯಲ್ಲಿ ನಡೆಯುವುದಿಲ್ಲ.

ನ್ಯಾಟ್ ದಾರಿ

ಹೀಗಾಗಿ ಉಳಿಯುವುದು ಕಚೇರಿಯ ವೈ-ಫೈಯನ್ನು ರೂಟರಿನ ಇಂಟರ್ನೆಟ್ ಬದಿಗೆ, ಎಂದರೆ ವ್ಯಾನ್ ಬದಿಗೆ, ಕಟ್ಟುವ ಕ್ರಮ. ಇದನ್ನು ಕೆಲವು ತಯಾರಕರು ಡಬ್ಲ್ಯೂಐಎಸ್‌ಪಿ ಮೋಡ್ ಎನ್ನುತ್ತಾರೆ, ಕೆಲವರು ಹಾಟ್‌ಸ್ಪಾಟ್ ಮೋಡ್ ಎನ್ನುತ್ತಾರೆ, ಇನ್ನು ಕೆಲವರು ಇದಕ್ಕೂ ರಿಪೀಟರ್ ಎಂದೇ ಹೆಸರಿಡುತ್ತಾರೆ. ಹೆಸರು ಏನೇ ಇರಲಿ, ಪರೀಕ್ಷೆ ಒಂದೇ: ಹಿಂದಿನ ಸಾಧನಗಳಿಗೆ ಐಪಿ ವಿಳಾಸ ಕೊಡುವುದು ಸ್ವಂತ ರೂಟರೇ ಆಗಿದ್ದರೆ ಅದು ಈ ಮೋಡ್.

ಒಂದು ಉದಾಹರಣೆ ನೋಡಬಹುದು. ಕಚೇರಿ ರೂಟರಿಗೆ 10.20.4.117 ಎಂಬ ವಿಳಾಸ ಕೊಟ್ಟಿದೆ ಎಂದಿಟ್ಟುಕೊಳ್ಳೋಣ. ರೂಟರ್ ತನ್ನ ಹಿಂದಿನ ಲ್ಯಾಪ್‌ಟಾಪಿಗೆ 192.168.50.23 ಕೊಟ್ಟಿದೆ. ಲ್ಯಾಪ್‌ಟಾಪ್ 51514ನೇ ಪೋರ್ಟಿನಿಂದ ಒಂದು ಜಾಲತಾಣಕ್ಕೆ ಪ್ಯಾಕೆಟ್ ಕಳಿಸಿದಾಗ ರೂಟರ್ ಕಳಿಸಿದವರ ವಿಳಾಸವನ್ನು 10.20.4.117 ಎಂದು ತಿದ್ದಿ, ಯಾವ ಪೋರ್ಟ್ ಯಾರಿಗೆ ಸೇರಿದ್ದೆಂದು ತನ್ನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಕಚೇರಿಯ ಫೈರ್‌ವಾಲ್ ಇದನ್ನು ಮತ್ತೊಮ್ಮೆ ಸಂಸ್ಥೆಯ ಸಾರ್ವಜನಿಕ ವಿಳಾಸಕ್ಕೆ ಬದಲಿಸುತ್ತದೆ. ಉತ್ತರ ಬಂದಾಗ ಎರಡೂ ತಮ್ಮ ತಮ್ಮ ಪಟ್ಟಿ ನೋಡಿ ಹಿಂದಕ್ಕೆ ಸಾಗಿಸುತ್ತವೆ. ಹೀಗೆ ಎರಡು ಸಲ ನಡೆಯುವ ಬದಲಾವಣೆಗೆ ಡಬಲ್ ನ್ಯಾಟ್ ಎಂದು ಹೆಸರು. ಬ್ರೌಸಿಂಗ್, ಮೇಲ್, ವಿಡಿಯೊ ಸಭೆ, ಹೊರಕ್ಕೆ ಹೋಗುವ ಹೆಚ್ಚಿನ ವಿಪಿಎನ್‌ಗಳು ಇದರಲ್ಲಿ ನಡೆಯುತ್ತವೆ. ಹೊರಗಿನಿಂದ ಒಳಕ್ಕೆ ಬರಬೇಕಾದದ್ದು ನಡೆಯುವುದಿಲ್ಲ. ಕಚೇರಿಯ ಪ್ರಿಂಟರಿನ ಐಪಿ ವಿಳಾಸವನ್ನು ಕೈಯಾರೆ ಕೊಟ್ಟರೆ ಮುದ್ರಣವಾಗಬಹುದು; ತಾನಾಗಿ ಹುಡುಕಲು ಬಿಟ್ಟರೆ ಪ್ರಿಂಟರ್ ಕಾಣದು, ಆ ಹುಡುಕಾಟದ ಸಂದೇಶಗಳು ರೂಟರನ್ನು ದಾಟುವುದಿಲ್ಲ.

ಹೊಂದಿಸುವಾಗ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೂಟರಿಗೆ ಕಟ್ಟಿಕೊಂಡರೆ ಒಳ್ಳೆಯದು. ವೈ-ಫೈ ಸೆಟ್ಟಿಂಗ್ ಬದಲಿಸಿದ ಕೂಡಲೇ ಸಂಪರ್ಕ ಕಡಿದು ಹೋಗುವ ಗೋಳು ಇರುವುದಿಲ್ಲ. ಮೋಡ್ ಆರಿಸಿ, ಸ್ಕ್ಯಾನ್ ಮಾಡಿ, ಕಚೇರಿಯ ವೈ-ಫೈ ಹೆಸರನ್ನು ಆರಿಸಿ ಪಾಸ್‌ವರ್ಡ್ ಕೊಡುವುದು ಎಲ್ಲ ರೂಟರುಗಳಲ್ಲೂ ಹೆಚ್ಚುಕಡಿಮೆ ಒಂದೇ. ತೊಂದರೆ ಹೆಚ್ಚಾಗಿ ಬರುವುದು ಒಳಗಿನ ವಿಳಾಸದಿಂದ. ಕಚೇರಿಯೂ 192.168.1, ರೂಟರಿನ ಒಳಬದಿಯೂ 192.168.1 ಆಗಿದ್ದರೆ ಪ್ಯಾಕೆಟ್ ಯಾವ ಕಡೆ ಹೋಗಬೇಕೆಂದು ರೂಟರಿಗೆ ತಿಳಿಯದು. ಸಿಗ್ನಲ್ ಪೂರ್ತಿ ಇರುತ್ತದೆ, ಇಂಟರ್ನೆಟ್ ಮಾತ್ರ ಇರುವುದಿಲ್ಲ. ಒಳಬದಿಯನ್ನು 192.168.50.1ರಂಥ ಬೇರೆ ವಿಳಾಸಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಇನ್ನೊಂದು ತೊಡಕಿದೆ: ಹೊರಗಿನ ಡಿಎನ್‌ಎಸ್‌ನಿಂದ ಖಾಸಗಿ ವಿಳಾಸ ಉತ್ತರವಾಗಿ ಬಂದರೆ ಅದರ ರಕ್ಷಣಾ ವ್ಯವಸ್ಥೆ ಆ ಉತ್ತರವನ್ನು ಎಸೆಯುತ್ತದೆ. ಕಚೇರಿಯ ಒಳತಾಣಗಳು, ಕೆಲವೊಮ್ಮೆ ಲಾಗಿನ್ ಪುಟ ಕೂಡ, ಇದರಿಂದ ತೆರೆಯುವುದಿಲ್ಲ. ಆ ರಕ್ಷಣೆಯನ್ನು ಪೂರ್ತಿ ತೆಗೆಯದೆ, ಕಚೇರಿಯ ಡೊಮೇನಿಗೆ ಮಾತ್ರ ವಿನಾಯಿತಿ ಕೊಡುವುದು ಸರಿಯಾದ ಕ್ರಮ.

ಗುರುತಿನ ಪ್ರಶ್ನೆ

ಒಂದೇ ಪಾಸ್‌ವರ್ಡಿನ ವೈ-ಫೈಗೆ ಗ್ರಾಹಕ ಮೋಡ್ ಇರುವ ಯಾವ ರೂಟರಾದರೂ ಸೇರೀತು. ಯೂಸರ್‌ನೇಮ್ ಕೇಳುವ 802.1ಎಕ್ಸ್ ಪದ್ಧತಿಯ ಎಂಟರ್‌ಪ್ರೈಸ್ ವೈ-ಫೈಗೆ ಮನೆಬಳಕೆಯ ಬಹುಪಾಲು ರೂಟರುಗಳು ಗ್ರಾಹಕವಾಗಿ ಸೇರಲಾರವು. ಸೆಟ್ಟಿಂಗ್ ಪುಟದಲ್ಲಿ ಯೂಸರ್‌ನೇಮ್ ತುಂಬುವ ಜಾಗವೇ ಇರುವುದಿಲ್ಲ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಪೂರ್ಣ ಪ್ಯಾಕೇಜ್ ಹಾಕಿದರೆ ಸಾಧ್ಯ. ಆದರೆ ಅಲ್ಲಿ ಸರ್ವರಿನ ಪ್ರಮಾಣಪತ್ರವನ್ನು ಪರಿಶೀಲಿಸುವ ಸೆಟ್ಟಿಂಗನ್ನು ಅವಸರದಲ್ಲಿ ಖಾಲಿ ಬಿಟ್ಟರೆ, ಅದೇ ಹೆಸರಿನ ನಕಲಿ ಆಕ್ಸೆಸ್ ಪಾಯಿಂಟಿಗೂ ರೂಟರ್ ಲಾಗಿನ್ ಆಗಲು ಹೋಗುತ್ತದೆ. ಈ ಪದ್ಧತಿಯಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಂಎಸ್-ಚಾಪ್ ಎರಡನೇ ಆವೃತ್ತಿಯನ್ನು ಭೇದಿಸುವ ಸಾಧನ 2012ರಿಂದಲೇ ಬಹಿರಂಗವಾಗಿದೆ. ಕಳುವಾಗುವುದು ವೈ-ಫೈ ಪಾಸ್‌ವರ್ಡ್ ಒಂದೇ ಅಲ್ಲ. ಅನೇಕ ಕಚೇರಿಗಳಲ್ಲಿ ಮೇಲ್, ಫೈಲ್ ಸರ್ವರುಗಳಿಗೂ ಅದೇ ಪಾಸ್‌ವರ್ಡ್. ಸಂಸ್ಥೆ ತನ್ನ ಲ್ಯಾಪ್‌ಟಾಪುಗಳಲ್ಲೇ ಪ್ರಮಾಣಪತ್ರ ಇಟ್ಟು ನಡೆಸುವ ಇಎಪಿ-ಟಿಎಲ್‌ಎಸ್ ಪದ್ಧತಿಯಲ್ಲಿ ಸ್ವಂತ ರೂಟರಿಗೆ ಪ್ರವೇಶ ಸಿಗದಿರುವುದೇ ವಿನ್ಯಾಸದ ಉದ್ದೇಶ.

ಬ್ರೌಸರಿನಲ್ಲಿ ಲಾಗಿನ್ ಪುಟ ತೋರಿಸುವ ಅತಿಥಿ ವೈ-ಫೈ ಸಾಧನವನ್ನು ಸಾಮಾನ್ಯವಾಗಿ ಮ್ಯಾಕ್ ವಿಳಾಸದಿಂದ ನೆನಪಿಡುತ್ತದೆ. ರೂಟರಿನ ಹಿಂದಿನಿಂದ ಒಬ್ಬರು ಲಾಗಿನ್ ಆದರೆ ರೂಟರಿನ ಮ್ಯಾಕ್‌ಗೆ ಬಾಗಿಲು ತೆರೆಯುತ್ತದೆ. ಆಮೇಲೆ ಬರುವವರೆಲ್ಲ ಆ ಮೊದಲಿನವರ ಹೆಸರಿನಲ್ಲೇ ಓಡಾಡುತ್ತಾರೆ.

ರೇಡಿಯೊ ಬದಿ

ರೂಟರಿನಲ್ಲಿ ಒಂದೇ ರೇಡಿಯೊ ಇದ್ದರೆ ಅದು ಕಚೇರಿಯ ಚಾನೆಲ್ಲಿನಲ್ಲೇ ತನ್ನ ವೈ-ಫೈಯನ್ನೂ ನಡೆಸಬೇಕು. ಪ್ರತಿ ಪ್ಯಾಕೆಟ್ಟೂ ಗಾಳಿಯಲ್ಲಿ ಎರಡು ಸಲ ಸಾಗುವುದರಿಂದ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ; ನಷ್ಟ ಅದೇ ಚಾನೆಲ್ಲಿನ ಅಕ್ಕಪಕ್ಕದವರಿಗೂ ತಟ್ಟುತ್ತದೆ. ಎರಡು ರೇಡಿಯೊಗಳ ರೂಟರಿನಲ್ಲಿ ಕಚೇರಿಯ ಕಡೆಗೆ 5 ಗಿಗಾಹರ್ಟ್ಸ್, ಮೇಜಿನ ಕಡೆಗೆ 2.4 ಗಿಗಾಹರ್ಟ್ಸ್ ಇಟ್ಟುಕೊಳ್ಳಬಹುದು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅವನ್ನು ಐಟಿ ವಿಭಾಗ ಮಹಡಿಯ ನಕ್ಷೆ ನೋಡಿ ಹಂಚಿರುತ್ತದೆ. ನಡುವೆ 3 ಅಥವಾ 9ನೇ ಚಾನೆಲ್ಲಿಗೆ ಕೂತರೆ ಎರಡೂ ಬದಿಯವರಿಗೆ ತೊಂದರೆ. ರೂಟರ್ ಮೇಜಿನ ಮೇಲೇ ಇರುವುದರಿಂದ ಪ್ರಸಾರ ಶಕ್ತಿಯನ್ನು ಕನಿಷ್ಠಕ್ಕೆ ಇಳಿಸಿದರೂ ಸಾಲುತ್ತದೆ.

ತಂತಿಯಲ್ಲಿ ತಪ್ಪು ರಂಧ್ರ

ವೈ-ಫೈ ಬದಲು ಗೋಡೆಯ ಸಾಕೆಟ್ಟಿನಿಂದ ರೂಟರಿಗೆ ಕೇಬಲ್ ಹಾಕುವವರು ಮಾಡುವ ಒಂದು ತಪ್ಪು ಇಡೀ ಮಹಡಿಯ ನೆಟ್‌ವರ್ಕನ್ನು ಬೀಳಿಸಬಲ್ಲದು. ಕೇಬಲ್ ವ್ಯಾನ್ ಪೋರ್ಟಿನ ಬದಲು ಲ್ಯಾನ್ ಪೋರ್ಟಿಗೆ ಹೋದರೆ, ತನ್ನ ಹಿಂದಿನ ಸಾಧನಗಳಿಗೆ ವಿಳಾಸ ಹಂಚಬೇಕಾದ ರೂಟರಿನ ಡಿಎಚ್‌ಸಿಪಿ ಸರ್ವರ್ ಕಚೇರಿಯ ಕಂಪ್ಯೂಟರುಗಳಿಗೆ ಹಂಚಲು ತೊಡಗುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದವರಲ್ಲಿ ಕೆಲವರಿಗೆ ಸರಿಯಾದ ವಿಳಾಸ, ಕೆಲವರಿಗೆ ಈ ರೂಟರಿನ ವಿಳಾಸ. ಯಾರ ಉತ್ತರ ಮೊದಲು ತಲುಪಿತೋ ಅದೇ ಗೆಲ್ಲುತ್ತದೆ. ದೋಷ ಬಂದುಹೋಗುತ್ತಿರುವುದರಿಂದ ಹುಡುಕುವುದೂ ಕಷ್ಟ. ಡಿಎಚ್‌ಸಿಪಿ ಸ್ನೂಪಿಂಗ್ ಚಾಲೂ ಇರುವ ಸ್ವಿಚ್‌ಗಳು ಇಂಥ ಉತ್ತರಗಳನ್ನು ಪೋರ್ಟಿನಲ್ಲೇ ತಡೆಯುತ್ತವೆ. ಚಿಕ್ಕ ಕಚೇರಿಗಳ ಸಾದಾ ಸ್ವಿಚ್‌ಗಳಿಗೆ ಆ ಸಾಮರ್ಥ್ಯವಿಲ್ಲ.

ಪತ್ತೆ, ತಡೆ, ಕಾನೂನು

ನ್ಯಾಟ್ ಹಿಂದಿನ ಸಾಧನಗಳನ್ನು ಮರೆಮಾಡಿದರೂ ರೂಟರನ್ನು ಮರೆಮಾಡುವುದಿಲ್ಲ. ಪ್ಯಾಕೆಟ್ ಇನ್ನೆಷ್ಟು ರೂಟರ್ ದಾಟಬಹುದೆಂಬ ಎಣಿಕೆಗೆ ಟಿಟಿಎಲ್ ಎಂದು ಹೆಸರು. ವಿಂಡೋಸ್ ಪ್ಯಾಕೆಟ್ 128ರ ಟಿಟಿಎಲ್‌ನೊಂದಿಗೆ, ಆಂಡ್ರಾಯ್ಡ್ ಮತ್ತು ಲಿನಕ್ಸ್‌ನವು 64ರೊಂದಿಗೆ ಹೊರಡುತ್ತವೆ. ರೂಟರ್ ದಾಟುವಾಗ ಒಂದು ಕಡಿಮೆಯಾಗುತ್ತದೆ. ಒಂದೇ ವಿಳಾಸದಿಂದ 127, 63 ಎರಡೂ ಬರುತ್ತಿದ್ದರೆ ನಡುವೆ ರೂಟರ್ ಇರುವ ಸಂಶಯ ಬಲವಾಗುತ್ತದೆ. ಅಪರಿಚಿತ ವೈ-ಫೈ ಹೆಸರುಗಳನ್ನು ಸದಾ ಆಲಿಸುವ ವ್ಯವಸ್ಥೆಗಳೂ ಇವೆ. ಕಾರ್ಡ್ ಪಾವತಿ ನಿರ್ವಹಿಸುವ ಸಂಸ್ಥೆಗಳು ಅನಧಿಕೃತ ಆಕ್ಸೆಸ್ ಪಾಯಿಂಟ್‌ಗಳಿಗಾಗಿ ಮೂರು ತಿಂಗಳಿಗೊಮ್ಮೆಯಾದರೂ ಹುಡುಕಬೇಕೆಂದು ಪಿಸಿಐ ಡಿಎಸ್‌ಎಸ್ ಮಾನದಂಡ ವಿಧಿಸುತ್ತದೆ. ಕೆಲವು ವ್ಯವಸ್ಥೆಗಳು ನಕಲಿ ಸಂದೇಶ ಕಳಿಸಿ ಸಂಪರ್ಕವನ್ನೇ ಕಡಿಯುತ್ತವೆ. ಅದಕ್ಕೂ ಮಿತಿಯಿದೆ: ನ್ಯಾಶ್‌ವಿಲ್‌ನ ಹೋಟೆಲೊಂದರಲ್ಲಿ ಅತಿಥಿಗಳ ಸ್ವಂತ ಹಾಟ್‌ಸ್ಪಾಟ್‌ಗಳನ್ನು ಹೀಗೆ ಕಡಿದ ಪ್ರಕರಣದಲ್ಲಿ ಮ್ಯಾರಿಯಟ್ ಸಂಸ್ಥೆ 2014ರಲ್ಲಿ ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಗೆ 6 ಲಕ್ಷ ಡಾಲರ್ ದಂಡ ತೆತ್ತಿತು. ಅತಿಥಿಗಳು ಬಳಸುತ್ತಿದ್ದುದು ತಮ್ಮದೇ ಮೊಬೈಲ್ ಸಂಪರ್ಕ ಎಂಬುದನ್ನು ಮರೆಯಬಾರದು.

ಭಾರತದಲ್ಲಿ 2.4 ಗಿಗಾಹರ್ಟ್ಸ್ ವೈ-ಫೈ ಸಾಧನಗಳಿಗೆ 2005ರಿಂದ, 5 ಗಿಗಾಹರ್ಟ್ಸ್‌ನ ವಿಸ್ತೃತ ಪಟ್ಟಿಗಳಿಗೆ 2018ರಿಂದ ಲೈಸೆನ್ಸ್ ಬೇಕಿಲ್ಲ. ರೂಟರ್ ನಡೆಸುವುದು ತಪ್ಪಲ್ಲ. ಮಾಲೀಕರ ಅನುಮತಿಯಿಲ್ಲದೆ ಅವರ ನೆಟ್‌ವರ್ಕ್ ಪ್ರವೇಶಿಸುವುದು, ಪ್ರವೇಶಕ್ಕೆ ನೆರವಾಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಡಿ ಬರುತ್ತದೆ. ಸಂಪರ್ಕವನ್ನು ಬೇರೆಯವರು ಬಳಸಿದರೂ ವಿಚಾರಣೆ ಮೊದಲು ಬರುವುದು ಅದರ ಒಡೆಯರ ಬಳಿಗೆ; ಇದು ಕಾಗದದ ಮೇಲಿನ ಮಾತಲ್ಲ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇಮೇಲ್ ಹೊರಟದ್ದು ನವಿ ಮುಂಬೈಯ ಮನೆಯೊಂದರ ಭದ್ರತೆಯಿಲ್ಲದ ವೈ-ಫೈ ಮೂಲಕ; ತನಿಖೆ ಮೊದಲು ಹೋದದ್ದು ಆ ಮನೆಯವರ ಬಾಗಿಲಿಗೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಡಬೇಕು. ಸ್ವಂತ ರೂಟರ್ ನಡುವೆ ಬಂದರೆ ಆ ಲಾಗ್‌ನಲ್ಲಿ ಉಳಿಯುವುದು ರೂಟರ್ ತಂದವರ ಹೆಸರೊಂದೇ, ಹಿಂದೆ ಯಾರೇ ಕೂತಿರಲಿ.

ಆದ್ದರಿಂದ ಕೆಲಸಕ್ಕೆ ನಿಜವಾಗಿ ಬೇಕೆನಿಸಿದರೆ ಕಾರಣ ಬರೆದು ಐಟಿ ವಿಭಾಗವನ್ನು ಕೇಳುವುದೇ ಸರಿ. ಪ್ರಯೋಗಾಲಯಕ್ಕೆ ಪ್ರತ್ಯೇಕ ವಿಎಲ್ಯಾನ್ ಅಥವಾ ಸಾಧನವೊಂದಕ್ಕೆ ಬೇರೆ ಪಾಸ್‌ವರ್ಡ್ ಕೊಡುವ ಸೌಲಭ್ಯ ಇಂದಿನ ಅನೇಕ ಕಚೇರಿ ವ್ಯವಸ್ಥೆಗಳಲ್ಲಿದೆ; ಅದು ಸಿಕ್ಕರೆ ರೂಟರೇ ಬೇಡ. ಅನುಮತಿ ಸಿಕ್ಕಿ ರೂಟರ್ ಇಟ್ಟವರು ಅದರ ಫರ್ಮ್‌ವೇರನ್ನು ಹೊಸದಾಗಿಟ್ಟುಕೊಳ್ಳಬೇಕು. 2017ರಲ್ಲಿ ಬಯಲಾದ ಕ್ರ್ಯಾಕ್ ದೋಷ ಮುಖ್ಯವಾಗಿ ತಟ್ಟಿದ್ದು ವೈ-ಫೈಯ ಗ್ರಾಹಕ ಬದಿಯನ್ನು. ಈ ಜೋಡಣೆಯಲ್ಲಿ ರೂಟರ್ ನಿಂತಿರುವುದೂ ಅದೇ ಬದಿಯಲ್ಲಿ. ಒಳಬದಿಯ ವೈ-ಫೈಗೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಭದ್ರತೆ, ಕಚೇರಿಯದಲ್ಲದ ಬೇರೆ ಪಾಸ್‌ವರ್ಡ್ ಇರಲಿ. ಕೆಲಸ ಬಿಡುವಾಗ ಅಥವಾ ರೂಟರನ್ನು ಯಾರಿಗಾದರೂ ಕೊಡುವಾಗ ಫ್ಯಾಕ್ಟರಿ ರೀಸೆಟ್ ಮಾಡಿ: ಕಚೇರಿಯ ವೈ-ಫೈ ಪಾಸ್‌ವರ್ಡ್ ಅದರ ಮೆಮೊರಿಯಲ್ಲಿ ಹಾಗೇ ಉಳಿದಿರುತ್ತದೆ.