ಹೆಗಲಿಗೆ ತಕ್ಕ ಬಂದೂಕು

ಅಂಗಿ ಹೊಲಿಸುವಾಗ ನಾವು ದರ್ಜಿಯ ಮುಂದೆ ತೋಳು ಚಾಚಿ ನಿಲ್ಲುತ್ತೇವೆ. ಬಂದೂಕಿಗೂ ಹಾಗೆಯೇ ಅಳತೆ ಕೊಡಬೇಕೆಂದರೆ ಅನೇಕರಿಗೆ ಸೋಜಿಗವಾಗಬಹುದು. ಗುಂಡು ಹಾರುವುದು ನಳಿಗೆಯಿಂದಲೇ ನಿಜ. ಆದರೆ ಬಂದೂಕು ಮನುಷ್ಯನ ಮೈಗೆ ತಾಗುವುದು ಅದರ ಮರದಲ್ಲಿ. ಹೆಗಲಿಗೆ ಒತ್ತಿ ಹಿಡಿಯುವ ಆ ಹಿಂಬದಿಯ ಮರವನ್ನು ನಮ್ಮ ಪೊಲೀಸರೂ ಸಿಪಾಯಿಗಳೂ ‘ಬಟ್ಟು’ ಎನ್ನುತ್ತಾರೆ. ಈ ಬಟ್ಟು ಉದ್ದವಾದರೆ ಟ್ರಿಗರ್ ಬೆರಳಿಗೆ ಎಟುಕದು, ಕತ್ತನ್ನು ಮುಂದಕ್ಕೆ ಚಾಚಬೇಕಾಗುತ್ತದೆ, ಬಂದೂಕಿನ ಭಾರವೆಲ್ಲ ಎಡಗೈಯ ಮೇಲೆ ಬೀಳುತ್ತದೆ. ಗಿಡ್ಡವಾದರೆ ಗುಂಡು ಹಾರಿದ ಒದೆತಕ್ಕೆ ಬಲಗೈಯ ಹೆಬ್ಬೆರಳು ಬಂದು ಮೂಗಿಗೇ ಬಡಿಯುತ್ತದೆ.

ಇಂಗ್ಲೆಂಡಿನ ಸಿರಿವಂತ ಬೇಟೆಗಾರರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿಯ ಬಂದೂಕು ತಯಾರಕರು ಕೀಲುಗಳುಳ್ಳ ಒಂದು ಅಳತೆ ಬಂದೂಕನ್ನೇ ಇಟ್ಟುಕೊಂಡಿದ್ದರು. ಗಿರಾಕಿ ಅದನ್ನು ಹೆಗಲಿಗೇರಿಸುವನು; ತಯಾರಕನು ಅದರ ಮರವನ್ನು ಉದ್ದ ಮಾಡಿ, ಕುಗ್ಗಿಸಿ, ಪಕ್ಕಕ್ಕೆ ವಾಲಿಸಿ, ಅವನ ಕಣ್ಣು ತಾನಾಗಿ ನಳಿಗೆಯ ನೇರಕ್ಕೆ ಬರುವ ತನಕ ತಿದ್ದುವನು. ಆ ಅಳತೆಗೆ ಸರಿಯಾಗಿ ವಾಲ್ನಟ್ ಮರವನ್ನು ಕೆತ್ತುವರು. ಹಣವುಳ್ಳವರ ಮಾತು ಇದು. ಲಕ್ಷಗಟ್ಟಲೆ ಸಿಪಾಯಿಗಳಿಗೆ ಬಂದೂಕು ಹಂಚುವ ಸರಕಾರ ಏನು ಮಾಡಬೇಕು?

ಹೆಚ್ಚಿನ ದೇಶಗಳು ಏನೂ ಮಾಡಲಿಲ್ಲ. ಜರ್ಮನಿಯ ಮೌಸರ್ ಬಂದೂಕಿನ ಮರ ಆದಿಯಿಂದ ಅಂತ್ಯದವರೆಗೆ ಒಂದೇ ತುಂಡು. ಮನುಷ್ಯನೇ ಅದಕ್ಕೆ ಹೊಂದಿಕೊಳ್ಳಬೇಕು. ಬ್ರಿಟಿಷರು 1902ರಲ್ಲಿ ಅಂಗೀಕರಿಸಿದ ಗಿಡ್ಡ ಲೀ-ಎನ್‌ಫೀಲ್ಡ್ ಬಂದೂಕಿನ ರೀತಿ ಬೇರೆ. ನಮ್ಮಲ್ಲಿ ‘ತ್ರೀ ನಾಟ್ ತ್ರೀ’ ಎಂದು ಹೆಸರಾದ ಬಂದೂಕು ಇದೇ. ಇದರ ಮರ ಎರಡು ತುಂಡು. ಮುಂದಿನದು ನಳಿಗೆಯನ್ನು ಅಪ್ಪಿಕೊಂಡಿದ್ದರೆ, ಹಿಂದಿನ ಬಟ್ಟು ಒಂದು ಉಕ್ಕಿನ ಕುಣಿಕೆಯೊಳಕ್ಕೆ ಕೂತು, ಒಳಗಿನಿಂದ ಒಂದು ಉದ್ದನೆಯ ಬೋಲ್ಟಿನಿಂದ ಬಿಗಿದುಕೊಂಡಿರುತ್ತದೆ. ಆದುದರಿಂದ ಬಟ್ಟನ್ನು ಮಾತ್ರ ಬದಲಿಸಿದರೆ ಬಂದೂಕಿನ ಉದ್ದವೇ ಬದಲಾಗುತ್ತದೆ. ಸಾಮಾನ್ಯ ಅಳತೆಯದು ಒಂದು. ಅದಕ್ಕಿಂತ ಅರ್ಧ ಅಂಗುಲ ಉದ್ದವಾದುದಕ್ಕೆ ‘ಎಲ್’ ಎಂಬ ಅಕ್ಷರದ ಗುರುತು. ಅರ್ಧ ಅಂಗುಲ ಗಿಡ್ಡವಾದುದಕ್ಕೆ ‘ಎಸ್’. ಅರ್ಧ ಅಂಗುಲವೆಂದರೆ ಎಷ್ಟು ಮಹಾ ಎನ್ನಬೇಡಿ. ಬಟ್ಟನ್ನು ಹೆಗಲಿನಿಂದ ಕದಲಿಸದೆ ಬೋಲ್ಟು ಎಳೆದು ತಳ್ಳಿ, ನಿಮಿಷಕ್ಕೆ 15 ಗುಂಡುಗಳನ್ನು ಗುರಿಯಿಟ್ಟು ಹಾರಿಸಬೇಕೆಂದು ಆ ಸೈನ್ಯದಲ್ಲಿ ಕಲಿಸುತ್ತಿದ್ದರು. ಅಂಥಲ್ಲಿ ಅರ್ಧ ಅಂಗುಲ ದೊಡ್ಡ ಮಾತೇ.

ಬದಲಿಸುವ ಕೆಲಸ ಸಿಪಾಯಿಯದಲ್ಲ, ಪಡೆಯ ಬಂದೂಕು ರಿಪೇರಿಗಾರನದು. ಬಟ್ಟಿನ ಹಿತ್ತಾಳೆ ತಟ್ಟೆಯಲ್ಲಿ ಎಣ್ಣೆ ಶೀಸೆ ಇಡುವ ಸಣ್ಣ ಬಾಗಿಲಿದೆಯಷ್ಟೆ. ಆ ಕಂಡಿಯೊಳಗೆ ಉದ್ದನೆಯ ತಿರುಪುಳಿ ಹಾಕಿ ಬೋಲ್ಟು ತಿರುಗಿಸಬೇಕು. ಆದರೆ ಆ ಬೋಲ್ಟಿನ ಚೌಕದ ತುದಿ ಮುಂದಿನ ಮರದ ತಟ್ಟೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಮೊದಲು ಮುಂದಿನ ಮರ ಕಳಚದೆ ಅವಸರಕ್ಕೆ ತಿರುಗಿಸಿದರೆ ಮರ ಸೀಳುತ್ತದೆ. ಹಳೆಯ ಬಂದೂಕುಗಳಲ್ಲಿ ಆ ಸೀಳು ಕಂಡರೆ ಯಾರೋ ಅವಸರಪಟ್ಟಿದ್ದಾರೆಂದೇ ತಿಳಿಯಬೇಕು.

ಇನ್ನು ಮೂರನೆಯ ಅಕ್ಷರ ‘ಬಿ’. ಇದರ ಕಥೆ ದೊಡ್ಡದು. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ತೊಡಗಿದಾಗ ಬ್ರಿಟಿಷ್ ಸೈನ್ಯ ಸೇರಲು 5 ಅಡಿ 3 ಅಂಗುಲ ಎತ್ತರ ಬೇಕಿತ್ತು. ಬಂದವರ ನೂಕುನುಗ್ಗಲು ತಡೆಯಲಾರದೆ ಸೆಪ್ಟೆಂಬರಿನಲ್ಲಿ ಅದನ್ನು 5 ಅಡಿ 6 ಅಂಗುಲಕ್ಕೆ ಏರಿಸಿ, ಕೆಲವೇ ವಾರಗಳಲ್ಲಿ ಮತ್ತೆ ಇಳಿಸಿದರು. ಗಣಿಗಳಲ್ಲಿ ದುಡಿದು ಉಕ್ಕಿನಂತೆ ಗಟ್ಟಿಯಾದ ಕುಳ್ಳರು ಅಳತೆಗೋಲಿನ ಕೆಳಗೆ ನಿಂತು ಹಿಂದಿರುಗಬೇಕಾಯಿತು. ಹಾಗೆ ತಿರಸ್ಕೃತನಾದ ಒಬ್ಬ ಗಣಿಗಾರ ಅಲ್ಲಿದ್ದವರನ್ನೆಲ್ಲ ಜಟ್ಟಿಕಾಳಗಕ್ಕೆ ಕರೆದನೆಂಬ ಕಥೆ ಇದೆ. ಬರ್ಕನ್‌ಹೆಡ್ ಊರಿನ ಪಾರ್ಲಿಮೆಂಟ್ ಸದಸ್ಯ ಆಲ್ಫ್ರೆಡ್ ಬಿಗ್ಲಂಡ್ ಇದನ್ನು ಮನಸ್ಸಿಗೆ ಹಚ್ಚಿಕೊಂಡು, 5 ಅಡಿಯಿಂದ 5 ಅಡಿ 3 ಅಂಗುಲದವರೆಗಿನವರ ಪಡೆ ಕಟ್ಟಲು ಅಪ್ಪಣೆ ಪಡೆದನು. ಪುಟ್ಟ ಜಾತಿಯ ಕಾಳಗದ ಹುಂಜದ ಹೆಸರನ್ನೇ ಇಟ್ಟು ಅವರನ್ನು ‘ಬ್ಯಾಂಟಮ್’ಗಳೆಂದರು. ಸಾಮಾನ್ಯಕ್ಕಿಂತ ಪೂರಾ ಒಂದು ಅಂಗುಲ ಗಿಡ್ಡವಾದ ಬಟ್ಟಿಗೂ ಅದೇ ಹೆಸರು ನಿಂತಿತು.

ಬಂದೂಕು ಹೊಂದಿದರೂ ಕಂದಕ ಹೊಂದಲಿಲ್ಲ. 1916ರಲ್ಲಿ ಫ್ರಾನ್ಸಿಗೆ ಹೋದ ಬ್ಯಾಂಟಮ್‌ಗಳು ಕಂದಕದ ಅಂಚಿನ ಮೇಲಿಂದ ನೋಡಲು ಮರಳ ಚೀಲಗಳನ್ನು ಕಾಲಕೆಳಗೆ ಪೇರಿಸಿಕೊಳ್ಳಬೇಕಾಯಿತು. ಇದು ಅವರಿಗೇ ಹೊಸ ಅನುಭವವೂ ಅಲ್ಲ. 1914ರ ಅಕ್ಟೋಬರಿನಲ್ಲೇ ಭಾರತದಿಂದ ಹೋದ ಗೂರ್ಖಾ ಪಡೆಯವರು ಎತ್ತರದ ಬ್ರಿಟಿಷರು ತೋಡಿದ ಕಂದಕದಲ್ಲಿಳಿದು, ಗುಂಡು ಹಾರಿಸುವುದಿರಲಿ, ಹೊರಗೆ ನೋಡಲೂ ಆಗದೆ ಪರದಾಡಿದ್ದರು.

ಬ್ಯಾಂಟಮ್ ಪಡೆಯ ಕೊನೆ ಸುಖದ್ದಲ್ಲ. ಮೊದಲು ಬಂದ ಗಟ್ಟಿ ಕುಳ್ಳರು ಸತ್ತು ಗಾಯಗೊಂಡ ಮೇಲೆ ಅವರ ಜಾಗಕ್ಕೆ ಬಂದವರಲ್ಲಿ ಅನೇಕರು ಬರಿಯ ದುರ್ಬಲರು. 1916ರ ಕೊನೆಯಲ್ಲಿ ಪರೀಕ್ಷೆ ನಡೆಸಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ತೆಗೆದುಹಾಕಿದರು. 35ನೆಯ ಡಿವಿಜನ್ನಿನ ಲಾಂಛನದಲ್ಲಿದ್ದ ಹುಂಜವೂ ಹೋಯಿತು. ಅದೇ ನವೆಂಬರಿನಲ್ಲಿ ಡರ್ಹಮ್ ಪಡೆಯ ಜೋಸೆಫ್ ಸ್ಟೋನ್ಸ್ ಎಂಬ ಬ್ಯಾಂಟಮ್ ಸಾರ್ಜೆಂಟನು ಶತ್ರುವಿನ ಮುಂದೆ ಬಂದೂಕು ಎಸೆದು ಓಡಿದನೆಂದು ಅಪವಾದಕ್ಕೆ ಗುರಿಯಾದನು. ಬೆನ್ನಟ್ಟಿ ಬರುವವರನ್ನು ತಡೆಯಲೆಂದು ಬಂದೂಕನ್ನು ಕಂದಕಕ್ಕೆ ಅಡ್ಡಲಾಗಿ ಸಿಕ್ಕಿಸಿದೆನೆಂದು ಅವನು ಹೇಳಿಕೊಂಡನು. ಕೇಳಲಿಲ್ಲ. 1917ರ ಜನವರಿ 18ರಂದು ಅವನನ್ನು ಗುಂಡಿಟ್ಟು ಕೊಂದರು. 2006ರಲ್ಲಿ ಬ್ರಿಟನ್ನು ಇಂಥವರೆಲ್ಲರಿಗೂ ಒಟ್ಟಾಗಿ ಕ್ಷಮೆ ನೀಡಿದಾಗ ಅವನ ಹೆಸರೂ ಅದರಲ್ಲಿ ಸೇರಿತು. ಕ್ಷಮೆ ಎಂಬ ಮಾತು ಅಲ್ಲಿ ಯಾರಿಗೆ ಸಲ್ಲಬೇಕಿತ್ತೋ!

ಅದಿರಲಿ. ಈ ಬಂದೂಕನ್ನು ಬಂಗಾಳದ ಇಶಾಪುರದ ಕಾರ್ಖಾನೆ ದಶಕಗಳ ಕಾಲ ತಯಾರಿಸಿತು. 1960ರ ದಶಕದಲ್ಲಿ ಅದೇ ಮೈಕಟ್ಟಿನ ಬಂದೂಕನ್ನು 7.62 ಮಿಲಿಮೀಟರ್ ಗುಂಡಿಗೆ ಒಗ್ಗಿಸಿದರು. ಉತ್ತರಪ್ರದೇಶದ ಪೊಲೀಸರು ತ್ರೀ ನಾಟ್ ತ್ರೀಯನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯ ದಿನದಂದು. ಎನ್.ಸಿ.ಸಿ.ಯ ಕವಾಯತಿನಲ್ಲಿ ಅದನ್ನು ಹೊತ್ತವರು ನಮ್ಮ ನಾಡಿನಲ್ಲಿ ಊರೂರಲ್ಲೂ ಸಿಗುತ್ತಾರೆ. ಹದಿನಾರು ವರ್ಷದ ಹುಡುಗನಿಗೆ ಸುಮಾರು 4 ಕಿಲೋ ತೂಕದ ಆ ಬಂದೂಕು ಹೆಗಲಿಗೆ ಹೇಗೆ ಕೂತಿತ್ತೆಂದು ಅವರನ್ನೇ ಕೇಳಬೇಕು. ಬಟ್ಟನ್ನು ಮೊಳಕೈ ಮಡಿಕೆಗೆ ಒತ್ತಿಟ್ಟು, ಬೆರಳು ಟ್ರಿಗರಿಗೆ ಎಟುಕುವುದೇ ಎಂದು ನೋಡುವ ಹಳೆಯ ಪರೀಕ್ಷೆಯೊಂದುಂಟು; ಅದನ್ನು ಮಾಡಿ ನೋಡುವಷ್ಟು ಪುರುಸೊತ್ತು ಕವಾಯತು ಮಾಸ್ತರರಿಗೆ ಎಲ್ಲಿಂದ ಬರಬೇಕು? ಸಾಲಿನಲ್ಲಿ ಕೈಗೆ ಬಂದದ್ದೇ ಅವರವರ ಬಂದೂಕು. ಮುಂದೆಂದಾದರೂ ಅಂಥ ಹಳೆಯದೊಂದು ಕಣ್ಣಿಗೆ ಬಿದ್ದರೆ, ಬಟ್ಟಿನ ಮೇಲ್ಭಾಗದಲ್ಲಿ ಹಿತ್ತಾಳೆ ತಟ್ಟೆಯ ಮುಂದೆ ಬೆರಳಾಡಿಸಿ ನೋಡಿ. ಎಣ್ಣೆ ಕುಡಿದು ಕಪ್ಪಾದ ಮರದಲ್ಲಿ ಆ ಒಂದು ಅಕ್ಷರ ಇನ್ನೂ ಇದ್ದರೂ ಇದ್ದೀತು.