ವಿಶ್ವವಿದ್ಯಾಲಯದ ಐಟಿ ವಿಭಾಗ: ಚುಕ್ಕಾಣಿ ಯಾರ ಕೈಯಲ್ಲಿ?

ಪ್ರವೇಶಾತಿ, ಪರೀಕ್ಷೆ, ಫಲಿತಾಂಶ, ಸಿಬ್ಬಂದಿಯ ಸಂಬಳ... ವಿಶ್ವವಿದ್ಯಾಲಯದ ಬಹುತೇಕ ಕೆಲಸಗಳು ಇಂದು ಐಟಿ ವಿಭಾಗವನ್ನು ನೆಚ್ಚಿಕೊಂಡಿವೆ. ಈ ವಿಭಾಗವನ್ನು ಮುನ್ನಡೆಸುವುದು ಒಬ್ಬರಲ್ಲ, ಒಂದು ತಂಡ.

ಯಾರ ಹೊಣೆ ಏನು?

ದೊಡ್ಡ ವಿವಿಗಳಲ್ಲಿ ಮುಖ್ಯ ಮಾಹಿತಿ ಅಧಿಕಾರಿ (ಸಿಐಒ) ತಂಡದ ನಾಯಕರು. ಬಜೆಟ್, ಯೋಜನೆ ಅವರ ಜವಾಬ್ದಾರಿ. ಮಾಹಿತಿ ಭದ್ರತಾ ಮುಖ್ಯಸ್ಥರು ಸೈಬರ್ ದಾಳಿ ತಡೆಯುತ್ತಾರೆ. ನೆಟ್‌ವರ್ಕ್ ಮತ್ತು ಸರ್ವರ್, ಸಾಫ್ಟ್‌ವೇರ್, ಆನ್‌ಲೈನ್ ಬೋಧನೆ, ಹೆಲ್ಪ್‌ಡೆಸ್ಕ್‌ಗಳಿಗೆ ಪ್ರತ್ಯೇಕ ಮುಖ್ಯಸ್ಥರಿರುತ್ತಾರೆ. ಹುದ್ದೆಯ ಹೆಸರು ಒಂದೊಂದು ವಿವಿಯಲ್ಲಿ ಒಂದೊಂದು ರೀತಿ. ಭಾರತದ ಹಲವು ವಿವಿಗಳಲ್ಲಿ ಕಂಪ್ಯೂಟರ್ ಕೇಂದ್ರದ ನಿರ್ದೇಶಕರೇ ಈ ಕೆಲಸ ನಿಭಾಯಿಸುತ್ತಾರೆ.

ಮಾಸ್ಟ್ರಿಕ್ಟ್ ಕಲಿಸಿದ ಪಾಠ

ತಂಡಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ಸಂಕಷ್ಟದಲ್ಲಿ. ನೆದರ್‌ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿವಿ ಮೇಲೆ 2019ರ ಡಿಸೆಂಬರ್ 23ರಂದು ರಾನ್ಸಮ್‌ವೇರ್ ದಾಳಿ ನಡೆದು 267 ಸರ್ವರ್‌ಗಳು ಲಾಕ್ ಆದವು. ದಾಳಿಕೋರರು ಒಳನುಸುಳಿದ್ದು ಅಕ್ಟೋಬರ್‌ನಲ್ಲಿ ಬಂದ ನಕಲಿ ಇಮೇಲ್ ಮೂಲಕ. ಕೆಲವು ಬ್ಯಾಕಪ್‌ಗಳೂ ಕೈತಪ್ಪಿದ್ದವು. ಕೊನೆಗೆ 30 ಬಿಟ್‌ಕಾಯಿನ್, ಅಂದರೆ ಸುಮಾರು 2 ಲಕ್ಷ ಯೂರೋ ತೆರಬೇಕಾಯಿತು. ಹಣ ಕೊಡುವ ತೀರ್ಮಾನ ಕೈಗೊಂಡಿದ್ದು ಐಟಿ ವಿಭಾಗವಲ್ಲ, ವಿವಿಯ ಆಡಳಿತ ಮಂಡಳಿ. 2020ರ ಫೆಬ್ರವರಿಯಲ್ಲಿ ತನಿಖಾ ವರದಿಯನ್ನು ವಿವಿಯೇ ಬಹಿರಂಗಪಡಿಸಿತು.

ಭಾರತದಲ್ಲಿ 6 ಗಂಟೆ ಗಡುವು

ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಇಂತಹ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸರ್ವರ್ ಬಂದ್ ಮಾಡುವವರು ಯಾರು, ಕುಲಪತಿಗೆ ತಿಳಿಸುವವರು ಯಾರು, ವಿದ್ಯಾರ್ಥಿಗಳಿಗೆ ಉತ್ತರಿಸುವವರು ಯಾರು ಎಂಬುದು ಮೊದಲೇ ನಿರ್ಧಾರವಾಗಿದ್ದರೆ ಮಾತ್ರ ಈ ಗಡುವು ಪಾಲಿಸಲು ಸಾಧ್ಯ.