ಮಾತ್ರೆ, ಮೈತೂಕ ಮತ್ತು ವಂಶವಾಹಿ

ಸ್ಕಿಜೋಫ್ರೇನಿಯಾಕ್ಕೆ ಒಲಾಂಜಪಿನ್ ಶುರು ಮಾಡಿದ ಒಬ್ಬರ ತೂಕ ಮೂರು ತಿಂಗಳಲ್ಲಿ ಎಂಟು-ಹತ್ತು ಕಿಲೋ ಏರಿಬಿಡುತ್ತದೆ. ಅದೇ ಮಾತ್ರೆಯನ್ನು ಅಷ್ಟೇ ಪ್ರಮಾಣದಲ್ಲಿ ನುಂಗುವ ಇನ್ನೊಬ್ಬರ ತೂಕ ಹೆಚ್ಚೇನೂ ಬದಲಾಗುವುದಿಲ್ಲ. ದಪ್ಪಗಾದವರಿಗೆ ಮನೆಮಂದಿ ಹೇಳುವ ಬುದ್ಧಿಮಾತು ಮಾತ್ರ ಒಂದೇ: ಬಾಯಿ ಕಟ್ಟು. ಈ ಮಾತು ಎಷ್ಟು ಅನ್ಯಾಯದ್ದು ಎಂಬುದನ್ನು ಕಳೆದ ಎರಡು ದಶಕಗಳ ವಂಶವಾಹಿ ಸಂಶೋಧನೆ ತೋರಿಸಿಕೊಟ್ಟಿದೆ.

ಮನೋರೋಗಕ್ಕೂ ಸಕ್ಕರೆ ಕಾಯಿಲೆಗೂ ನಂಟಿರುವುದನ್ನು ಬ್ರಿಟನ್ನಿನ ವೈದ್ಯ ಹೆನ್ರಿ ಮಾಡ್ಸ್‌ಲಿ 1879ರಲ್ಲೇ ಗುರುತಿಸಿದ್ದರು. ಆಗ ಈ ಔಷಧಗಳೇ ಇರಲಿಲ್ಲ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಈ ಬಗೆಯ ಮೊದಲ ಔಷಧವಾದ ಕ್ಲೋರ್‌ಪ್ರೊಮಜಿನ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ರೋಗಿಗಳು ದಪ್ಪಗಾಗುವುದು ವೈದ್ಯರ ಕಣ್ಣಿಗೆ ಬಿತ್ತು. ಪ್ರಶ್ನೆ ಗಂಭೀರವಾದದ್ದು ತೊಂಬತ್ತರ ದಶಕದಲ್ಲಿ. ಕ್ಲೋಜಪಿನ್, ಒಲಾಂಜಪಿನ್‌ನಂಥ ಹೊಸ ತಲೆಮಾರಿನ ಔಷಧಗಳು ಹಳೆಯ ಔಷಧಗಳ ಅಡ್ಡಪರಿಣಾಮಗಳಾದ ಕೈನಡುಕ, ಬಿಗಿತಗಳನ್ನು ತಗ್ಗಿಸಿದವು, ಆದರೆ ಹಸಿವನ್ನು ಕೆರಳಿಸಿದವು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1999ರಲ್ಲಿ ಮಾಡಿದ ವಿಶ್ಲೇಷಣೆಯಂತೆ ಹತ್ತು ವಾರಗಳ ಸರಾಸರಿ ಏರಿಕೆ ಕ್ಲೋಜಪಿನ್‌ನಿಂದ 4.45 ಕಿಲೋ, ಒಲಾಂಜಪಿನ್‌ನಿಂದ 4.15 ಕಿಲೋ, ಅದೇ ತಲೆಮಾರಿನ ಜಿಪ್ರಸಿಡೋನ್‌ನಿಂದ ಇಲ್ಲವೆನ್ನುವಷ್ಟು ಕಡಿಮೆ.

ಸರಾಸರಿಯ ಹಿಂದೆ ವ್ಯಕ್ತಿಗಳ ನಡುವಿನ ಅಂತರ ಅಡಗಿತ್ತು. ಅದನ್ನು ಹುಡುಕಲು ಸಂಶೋಧಕರು ಮೊದಲು ಹಿಡಿದದ್ದು ಈ ಔಷಧಗಳು ತಡೆಯುವ ಗ್ರಾಹಕಗಳ ಜೀನ್‌ಗಳನ್ನು. ಸೆರೊಟೋನಿನ್ 2ಸಿ ಗ್ರಾಹಕವಿಲ್ಲದ ಇಲಿಗಳು ಅತಿಯಾಗಿ ತಿಂದು ಕೊಬ್ಬುವುದು 1995ರಲ್ಲೇ ಗೊತ್ತಾಗಿತ್ತು. 2002ರಲ್ಲಿ ಗ್ಯಾವಿನ್ ರೆನಾಲ್ಡ್ಸ್ ಮತ್ತು ಸಂಗಡಿಗರು ಮೊದಲ ಬಾರಿ ಚಿಕಿತ್ಸೆಗೆ ಬಂದ ಚೀನೀ ರೋಗಿಗಳಲ್ಲಿ ಆ ಗ್ರಾಹಕದ ಜೀನನ್ನು ಪರೀಕ್ಷಿಸಿದರು. ಜೀನಿನ ನಿಯಂತ್ರಣ ಭಾಗದ ಒಂದೇ ಒಂದು ಅಕ್ಷರ 'ಸಿ' ಬದಲು 'ಟಿ' ಆಗಿದ್ದವರ ತೂಕ ಕಡಿಮೆ ಏರಿತ್ತು. ಭರವಸೆ ಚಿಗುರಿತು. ಆದರೆ ಮುಂದಿನ ಅಧ್ಯಯನಗಳು ಒಮ್ಮತಕ್ಕೆ ಬರಲಿಲ್ಲ. ರೋಗಿಗಳ ಸಂಖ್ಯೆ ಚಿಕ್ಕದು, ಔಷಧಗಳು ಬೇರೆ ಬೇರೆ. ಎಷ್ಟೋ ಜನರ ತೂಕ ಹಿಂದಿನ ಚಿಕಿತ್ಸೆಯಲ್ಲೇ ಏರಿ ಮುಗಿದಿತ್ತು.

ಈ ಕೊನೆಯ ತೊಡಕನ್ನು ದಾಟಿದ್ದು 2012ರ ಅಧ್ಯಯನ. ಅನಿಲ್ ಮಲ್ಹೋತ್ರಾ ಅವರ ತಂಡ ಅಮೆರಿಕದಲ್ಲಿ ಈ ಔಷಧಗಳನ್ನು ಮೊದಲ ಬಾರಿ ಪಡೆದ 139 ಮಕ್ಕಳು ಮತ್ತು ಹದಿಹರೆಯದವರ ಇಡೀ ಜೀನೋಮನ್ನು ಜಾಲಾಡಿತು. ಸುಳಿವು ಸಿಕ್ಕಿದ್ದು ಎಂಸಿ4ಆರ್ ಜೀನಿನ ಹತ್ತಿರ. ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಸುವ ಹಾದಿಯಲ್ಲಿ ಈ ಜೀನ್ ಮುಖ್ಯ. ಸಾಮಾನ್ಯ ಬೊಜ್ಜಿನಲ್ಲೂ ಅದರ ಪಾತ್ರವಿದೆ. ತಂದೆತಾಯಿ ಇಬ್ಬರಿಂದಲೂ ಅಪಾಯದ ರೂಪ ಪಡೆದವರ ತೂಕ ಉಳಿದವರಿಗಿಂತ ಸುಮಾರು ಎರಡು ಪಟ್ಟು ಏರಿತ್ತು. ರೋಗಿಗಳ ಇನ್ನೂ ಮೂರು ಗುಂಪುಗಳಲ್ಲಿ ಇದೇ ಫಲಿತಾಂಶ ಬಂತು.

ಹಾಗೆಂದು ಒಂದೇ ಜೀನ್ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಸಣ್ಣ ಸಣ್ಣ ಪ್ರಭಾವದ ಅನೇಕ ಜೀನ್‌ಗಳು ಸೇರುತ್ತವೆ. ವಯಸ್ಸು, ಆಹಾರ, ಔಷಧದ ಆಯ್ಕೆಯೂ ಕೂಡಿಕೊಳ್ಳುತ್ತವೆ. ಯಾರು ದಪ್ಪಗಾಗುತ್ತಾರೆಂದು ಖಚಿತವಾಗಿ ಹೇಳುವ ಜೀನ್ ಪರೀಕ್ಷೆ ಆದ್ದರಿಂದಲೇ ಇನ್ನೂ ಚಿಕಿತ್ಸಾಲಯಕ್ಕೆ ಬಂದಿಲ್ಲ.

ಭಾರತೀಯರಿಗೆ ಇನ್ನೊಂದು ಕೊರತೆಯಿದೆ. ಜೀನೋಮ್ ಅಧ್ಯಯನಗಳ ಬಹುಪಾಲು ಮಾಹಿತಿ ಯುರೋಪ್ ಮೂಲದವರದು. ನಮ್ಮವರಿಗೋ ಅವರಿಗಿಂತ ಕಡಿಮೆ ತೂಕದಲ್ಲೇ ಮಧುಮೇಹ ಅಂಟಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ 'ಜೀನೋಮ್ ಇಂಡಿಯಾ' ಯೋಜನೆ ಸುಮಾರು 10,000 ಭಾರತೀಯರ ಜೀನೋಮನ್ನು ಓದಿದೆ. ಆ ಬುನಾದಿಯ ಮೇಲೆ ನಮ್ಮ ರೋಗಿಗಳ ಅಧ್ಯಯನ ನಡೆಯಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಚಿಕಿತ್ಸೆಗೆ ಮುನ್ನ ಮತ್ತು ಆಮೇಲೆ ನಿಯಮಿತವಾಗಿ ತೂಕ, ಸೊಂಟದ ಸುತ್ತಳತೆ, ಸಕ್ಕರೆ, ಕೊಬ್ಬನ್ನು ಅಳೆಯಬೇಕೆಂದು ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು 2004ರಲ್ಲೇ ಹೇಳಿವೆ. ತೂಕ ಏರತೊಡಗಿದರೆ ವೈದ್ಯರು ಔಷಧ ಬದಲಿಸಬಹುದು, ಮಧುಮೇಹದ ಮಾತ್ರೆಯಾದ ಮೆಟ್‌ಫಾರ್ಮಿನ್ ಜೊತೆಗೂಡಿಸಬಹುದು. ರೋಗಿ ತಾನಾಗಿ ಮಾತ್ರೆ ನಿಲ್ಲಿಸಬಾರದು, ಕಾಯಿಲೆ ಮರುಕಳಿಸಬಹುದು. ಮನೆಯವರು ಬೈಗುಳ ಬಿಟ್ಟು ತೂಕದ ಲೆಕ್ಕ ಬರೆದಿಡಲಿ, ಮುಂದಿನ ಭೇಟಿಯಲ್ಲಿ ಅದನ್ನು ವೈದ್ಯರಿಗೆ ತೋರಿಸಿ ಉಪಾಯ ಕೇಳಲಿ. ಆ ಹಸಿವು ರೋಗಿಯ ದೌರ್ಬಲ್ಯವಲ್ಲ.